ಎನ್.ಆರ್. ಕಾಲೋನಿಯ ಮಹಡಿಯಲ್ಲಿ ಒಂದು ಬ್ರೈಲ್ ಪುಸ್ತಕ

ಕಳೆದ ತಿಂಗಳು ಅಣ್ಣನ ಮೊಮ್ಮಗಳ ಲಗ್ನಪತ್ರಿಕೆ ಆರಿಸಲು ಸುಲ್ತಾನ್‌ಪೇಟೆಗೆ ಹೋಗಿದ್ದೆ. ಅಂಗಡಿಯ ಹಿಂಭಾಗದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಯುತ್ತಿತ್ತು. ಹೊಸದಾಗಿ ಕತ್ತರಿಸಿದ ದಪ್ಪ ಕಾಗದಕ್ಕೆ ಒಂದು ವಾಸನೆ ಇದೆ. ಮರದ ಹೊಟ್ಟಿಗೂ ಮೈದಾ ಅಂಟಿಗೂ ನಡುವಿನದು. ಅಂಗಡಿಯವರು ಗಣಪತಿಯ ಚಿತ್ರ ಬಂಗಾರದ ಬಣ್ಣದಲ್ಲಿರಲೋ ಕುಂಕುಮದ ಬಣ್ಣದಲ್ಲಿರಲೋ ಎಂದು ಎರಡು ಸಲ ಕೇಳಿದರು. ಯಾವುದಾದರೂ ಆಗಲಿ ಎಂದುಬಿಟ್ಟೆ. ಆ ವಾಸನೆ ನನ್ನನ್ನು ಎನ್.ಆರ್. ಕಾಲೋನಿಯ ಒಂದು ಮಹಡಿ ಕೋಣೆಗೆ ಕರೆದುಕೊಂಡು ಹೋಗಿತ್ತು.

ಅದು ೨೦೦೩ನೇ ಇಸವಿಯ ಮೊದಲ ತಿಂಗಳುಗಳು. ಆಗ ನಾನು ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಪಾಳಿ ಮಧ್ಯಾಹ್ನದ ಮೇಲೆ ಶುರುವಾಗುತ್ತಿತ್ತು, ಬೆಳಗು ನನ್ನದೇ. ಆ ಬೆಳಗುಗಳನ್ನು ಶೇಷಗಿರಿರಾಯರ ಮನೆಯ ಮಹಡಿಯಲ್ಲಿ ಕಳೆಯುತ್ತಿದ್ದೆ. ರಾಯರು ಸರ್ಕಾರಿ ಕಚೇರಿಯೊಂದರಲ್ಲಿ ಸ್ಟೆನೋ ಆಗಿದ್ದು ನಿವೃತ್ತರಾದವರು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕನ್ನಡ ಪಠ್ಯಪುಸ್ತಕಗಳನ್ನು ಬ್ರೈಲ್ ಲಿಪಿಯಲ್ಲಿ ಮಾಡಿಕೊಡುವ ಒಂದು ಪುಟ್ಟ ಕೂಟ ಅವರ ಮಹಡಿಯಲ್ಲಿ ನಡೆಯುತ್ತಿತ್ತು. ಕೂಟವೆಂದರೆ ಮುಖ್ಯವಾಗಿ ರಾಯರು, ನಾನು ಮತ್ತು ನಾಗರತ್ನ. ನಾಗರತ್ನ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಚಾಮರಾಜಪೇಟೆಯಿಂದ ಭಾನುವಾರ ಮತ್ತು ರಜಾದಿನಗಳಲ್ಲಿ ಸ್ಕೂಟಿ ಮೇಲೆ ಬರುತ್ತಿದ್ದರು.

ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಪಕ್ಕದಲ್ಲಿ ಟ್ರಂಕಿನ ಗಾತ್ರದ ಒಂದು ಯಂತ್ರ, ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಒತ್ತಿ ಎಬ್ಬಿಸುವಂಥದ್ದು. ಯಾರೋ ದಾನ ಕೊಟ್ಟಿದ್ದು. ಅದು ಓಡುವಾಗ ಕೆಳಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದೇ ಕೇಳುವುದಿಲ್ಲವೆಂದು ರಾಯರ ಹೆಂಡತಿ ಕಮಲಮ್ಮ ದೂರುತ್ತಿದ್ದರು. ಕಾಗದ ಸುಲ್ತಾನ್‌ಪೇಟೆಯಿಂದ ಬರುತ್ತಿತ್ತು. ಲಗ್ನಪತ್ರಿಕೆ ಅಂಗಡಿಯವರು ಅಳತೆಗೆ ಕತ್ತರಿಸಿ ಕೊಡುವುದಲ್ಲದೆ, ತಪ್ಪು ಅಚ್ಚಾದ ಪತ್ರಿಕೆಗಳ ಒಂದು ಕಟ್ಟನ್ನೂ ಜೊತೆಗೆ ಕಟ್ಟಿ ಕಳಿಸುತ್ತಿದ್ದರು. ಯಂತ್ರ ಸರಿಯಾಗಿ ಒತ್ತುತ್ತಿದೆಯೇ ಎಂದು ನೋಡಲು ಮೊದಲ ಪುಟಗಳನ್ನು ಆ ತಪ್ಪು ಪತ್ರಿಕೆಗಳ ಮೇಲೇ ಹಾಕುತ್ತಿದ್ದೆವು.

ಆ ವರ್ಷ ನಮ್ಮ ಮುಂದಿದ್ದ ಕೆಲಸ ಒಂದೇ: ದ್ವಿತೀಯ ಪಿಯುಸಿಯ ಇತಿಹಾಸ. ಅದು ಬೇಕಾಗಿದ್ದವಳು ಶೈಲಜಾ. ಮಾಲೂರು ಕಡೆಯ ಹುಡುಗಿ, ಬಸವನಗುಡಿಯ ಹಾಸ್ಟೆಲ್ಲಿನಲ್ಲಿ ಇದ್ದಳು. ಹುಟ್ಟಿನಿಂದ ದೃಷ್ಟಿ ಇಲ್ಲ. ಪಿಯುಸಿ ಪಾಸಾಗಿ ಬಿ.ಎ.ಗೆ ಸೇರಿದರೆ ಹಾಸ್ಟೆಲ್ ಮುಂದುವರಿಯುತ್ತಿತ್ತು. ಒಂದು ವಿಷಯ ಹೋದರೂ ಸೀಟು ಬೇರೆಯವರಿಗೆ. ಉಳಿದ ವಿಷಯಗಳ ಪುಸ್ತಕಗಳು ಹಳೆಯವೇ ಇದ್ದವು. ಇತಿಹಾಸ ಮಾತ್ರ ಬದಲಾಗಿ, ಹೊಸ ಪುಸ್ತಕ ನಮ್ಮ ಕೈಗೆ ಸಿಕ್ಕಿದ್ದು ತಡವಾಗಿ. ಪಾಠಗಳನ್ನು ಕ್ಯಾಸೆಟ್ಟಿನಲ್ಲಿ ಓದಿ ಕೊಡಲೇ ಎಂದು ನಾನು ಕೇಳಿದ್ದೆ. ಅವಳು ಒಪ್ಪಲಿಲ್ಲ.

"ಕ್ಯಾಸೆಟ್ಟಲ್ಲಿ ಬೇಕಾದ ಜಾಗಕ್ಕೆ ಹೋಗೋಕಾಗಲ್ಲ ಅಕ್ಕಾ. ಬಸ್ಸಲ್ಲಿ ನಿದ್ದೆ ಮಾಡಿದ ಹಾಗೆ. ಎಚ್ಚರ ಆದಾಗ ಸ್ಟಾಪ್ ದಾಟಿರುತ್ತೆ."

ಅವಳು ದಿನ ಬಿಟ್ಟು ದಿನ ಬೆಳಿಗ್ಗೆ ಮಹಡಿಗೆ ಬಂದು, ಆವರೆಗೆ ಅಚ್ಚಾದ ಹಾಳೆಗಳನ್ನು ಅಲ್ಲೇ ಕೂತು ಓದಿ, ತಪ್ಪಿದ್ದರೆ ಹೇಳಿ, ಕಟ್ಟಿಕೊಂಡು ಹೋಗುತ್ತಿದ್ದಳು. ಹೀಗಾಗಿ ಓದುವವಳೂ ಅವಳೇ, ಪ್ರೂಫ್ ನೋಡುವವಳೂ ಅವಳೇ. ಒಂದು ದಿನ ಪ್ರಯೋಗದ ಹಾಳೆಯನ್ನು ತಿರುವಿ ಮುಟ್ಟಿ, ಈ ಕಡೆ ಇಷ್ಟು ನುಣುಪಾಗಿದೆಯಲ್ಲ, ಏನಿದು ಎಂದಳು. ತಪ್ಪು ಅಚ್ಚಾದ ಲಗ್ನಪತ್ರಿಕೆ ಎಂದೆ.

"ಹಾಗಾದ್ರೆ ಒಂದು ಕಡೆ ಪಾಣಿಪತ್ ಯುದ್ಧ, ಇನ್ನೊಂದು ಕಡೆ ಮದುವೆ. ಸರಿಯಾಗೇ ಇದೆ ಜೋಡಿ" ಎಂದಳು ಶೈಲಜಾ. ರಾಯರು ಜೋರಾಗಿ ನಕ್ಕರು. ಕಾಫಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಕಮಲಮ್ಮನವರು ಬಾಗಿಲಿಗೆ ಬಂದಾಗ ರಾಯರು ನಗು ನಿಲ್ಲಿಸಿದರು.

ಹಿಂದಿನ ವರ್ಷಗಳಲ್ಲಿ ನಾವು ಮೊದಲು ಇಡೀ ಪುಸ್ತಕ ಟೈಪ್ ಮಾಡಿ, ಆಮೇಲೆ ಅಚ್ಚು ಹಾಕುತ್ತಿದ್ದೆವು. ಈ ಸಲ ಅಷ್ಟು ಸಮಯವಿರಲಿಲ್ಲ. ಒಂದು ಅಧ್ಯಾಯ ಯಂತ್ರದಲ್ಲಿ ಅಚ್ಚಾಗುತ್ತಿರುವಾಗಲೇ ರಾಯರು ಮುಂದಿನದನ್ನು ಓದಿ ಹೇಳಬೇಕು, ನಾನು ಟೈಪ್ ಮಾಡಬೇಕು. ಒಂದಾದ ಮೇಲೊಂದು ಮಾಡುತ್ತ ಕೂತರೆ ಪುಸ್ತಕ ಪರೀಕ್ಷೆ ಮುಗಿದ ಮೇಲೆ ಸಿದ್ಧವಾಗುವುದೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ತಕ್ಕಂತೆ ನಾಗರತ್ನ ತಮ್ಮ ಪ್ರೋಗ್ರಾಮನ್ನು ಬದಲಿಸಿದ್ದರು. ಒಂದೇ ಪ್ರೋಗ್ರಾಮಿನೊಳಗೆ ಎರಡು ಎಳೆಗಳು ಒಟ್ಟಿಗೆ ಓಡುತ್ತವೆ, ಒಂದು ನೀವು ಟೈಪ್ ಮಾಡಿದ್ದನ್ನು ಆಗಿಂದಾಗಲೇ ಬ್ರೈಲಿಗೆ ತಿರುಗಿಸುತ್ತದೆ, ಇನ್ನೊಂದು ಹಳೆಯ ಅಧ್ಯಾಯವನ್ನು ತಿರುಗಿಸಿ ಯಂತ್ರಕ್ಕೆ ಕಳಿಸುತ್ತದೆ ಎಂದು ವಿವರಿಸಿದರು. ಕನ್ನಡ ಅಕ್ಷರವನ್ನು ಚುಕ್ಕಿಗಳಾಗಿ ತಿರುಗಿಸುವ ಮೂಲ ಕೆಲಸ ಮಾತ್ರ ಅವರು ಬರೆದದ್ದಲ್ಲ. ಅದಕ್ಕೊಂದು ಸಿದ್ಧ 'ಲೈಬ್ರರಿ' ಇತ್ತು, ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಬಳಸಿಕೊಳ್ಳುವ ಪ್ರೋಗ್ರಾಮಿನ ತುಣುಕು, ಪುಣೆಯ ಪರಿಚಿತರೊಬ್ಬರು ಕೊಟ್ಟದ್ದು. ಎರಡು ಎಳೆಗಳೂ ಅದನ್ನೇ ಬಳಸಬೇಕು. ಬಳಸುವ ಮುಂಚೆ ಅದನ್ನು 'ಶುರು' ಮಾಡಬೇಕು, ಆಗ ಅದು ತನ್ನ ಅಕ್ಷರಪಟ್ಟಿಗಳನ್ನೆಲ್ಲ ಹರಡಿಕೊಂಡು ಕೂರುತ್ತದೆ. ಕೆಲಸ ಮುಗಿದ ಮೇಲೆ 'ಮುಚ್ಚ'ಬೇಕು, ಆಗ ಎಲ್ಲವನ್ನೂ ಮಡಚಿಡುತ್ತದೆ. ಯಾರು ಶುರು ಮಾಡಬೇಕು, ಯಾರು ಮುಚ್ಚಬೇಕು ಎಂದು ಕೊಟ್ಟವರು ಹೇಳಿರಲಿಲ್ಲ. ನಾಗರತ್ನ ಅವರೂ ಕೇಳಿರಲಿಲ್ಲ.

ತೊಂದರೆ ಸಂಕ್ರಾಂತಿಗೆ ಮುಂಚೆ ಶುರುವಾಯಿತು. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಪರದೆ ಇದ್ದಕ್ಕಿದ್ದ ಹಾಗೆ ಅಲುಗದೆ ನಿಂತು, ಪ್ರೋಗ್ರಾಂ ತಾನೇ ಮುಚ್ಚಿಕೊಂಡುಬಿಡುತ್ತಿತ್ತು. ನಾನು ಟೈಪ್ ಮಾಡುತ್ತಿದ್ದ ಪುಟವೂ ಅದರ ಜೊತೆ ಹೋಗುತ್ತಿತ್ತು. ಒಮ್ಮೆ ಆಗುತ್ತಿತ್ತು, ಒಮ್ಮೆ ಇಲ್ಲ. ರಾಯರು ವೋಲ್ಟೇಜನ್ನು ಬೈದು ಒಂದು ಯುಪಿಎಸ್ ತಂದರು. ನಾಗರತ್ನ ವೈರಸ್ ಇರಬಹುದೆಂದು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ತುಂಬಿದರು. ಎರಡರಿಂದಲೂ ಏನೂ ಆಗಲಿಲ್ಲ. ಎಳ್ಳುಬೆಲ್ಲ ಬೀರುವುದು ಮುಗಿಯಿತು, ಅವರೆಕಾಯಿ ಕಾಲವೂ ಮುಗಿಯುತ್ತ ಬಂತು. ಪುಸ್ತಕ ಅರ್ಧಕ್ಕೂ ಬಂದಿರಲಿಲ್ಲ. ಶೈಲಜಾ ಏನೂ ಕೇಳುತ್ತಿರಲಿಲ್ಲ. ಬಂದ ಕೂಡಲೇ ಹಾಳೆಗಳ ಕಟ್ಟನ್ನು ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದಳು, ಅಷ್ಟೇ. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಸುದ್ದಿಮನೆಯಲ್ಲಿ ನನಗೆ ಮೊದಲು ಕೆಲಸ ಕಲಿಸಿದ ಹಿರಿಯರು ಒಂದು ಮಾತು ಹೇಳುತ್ತಿದ್ದರು. ಅವಘಡದ ವರದಿ ಬಂದಾಗ ಏನಾಯಿತು ಎಂದು ಎಲ್ಲರೂ ಕೇಳುತ್ತಾರೆ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಎಂದು ಕೇಳು ಅಂತ. ನನಗೆ ಪ್ರೋಗ್ರಾಂ ಗೊತ್ತಿಲ್ಲ. ಆದರೆ ಮುಂಚೆ ಏನಾಗಿತ್ತು ಎಂದು ಗಮನಿಸಲು ಅದು ಗೊತ್ತಿರಬೇಕಾಗಿಲ್ಲ. ಕೆಲವು ದಿನ ಸುಮ್ಮನೆ ನೋಡಿದೆ. ಯಂತ್ರ ಗದ್ದಲ ಮಾಡುತ್ತಿರುವಾಗ ಯಾವತ್ತೂ ಕೆಡುತ್ತಿರಲಿಲ್ಲ. ಗದ್ದಲ ನಿಂತು, ಅಧ್ಯಾಯದ ಕೊನೆಯ ಹಾಳೆ ಹೊರಗೆ ಬಿದ್ದು, ನಾನು ಇನ್ನೂ ಟೈಪ್ ಮಾಡುತ್ತಿದ್ದರೆ, ಆಗ ಕೆಡುತ್ತಿತ್ತು. ನಾನು ಟೈಪ್ ಮಾಡುತ್ತಿರದಿದ್ದರೆ ಏನೂ ಇಲ್ಲ. ಇದನ್ನು ಒಂದು ಭಾನುವಾರ ನಾಗರತ್ನ ಅವರಿಗೆ ಹೇಳಿದೆ. ಅವರು ತಮ್ಮ ಪ್ರೋಗ್ರಾಮನ್ನು ಉದ್ದಕ್ಕೆ ಕಾಗದದ ಮೇಲೆ ಅಚ್ಚು ಹಾಕಿ ತಂದಿದ್ದರು. ಮುಗಿದ ಮೇಲೆ ಕೆಡೋಕೆ ಅಲ್ಲಿ ಏನಿದೆ ಎನ್ನುತ್ತ ಆ ಹಾಳೆಗಳನ್ನು ನೆಲದ ಮೇಲೆ ಹರಡಿ ಓದುತ್ತ ಕುಳಿತರು.

ಆ ಕೋಣೆಗೆ ಒಂದೇ ಕಿಟಕಿ. ಪಕ್ಕದವರು ಮೇಲೆ ಮಹಡಿ ಎಬ್ಬಿಸಿದ್ದರಿಂದ ಹಗಲಿನಲ್ಲೂ ಟ್ಯೂಬ್‌ಲೈಟ್ ಬೇಕಾಗಿತ್ತು. ಇನ್ನು ರಾಯರಿಗೆ, ಕೋಣೆ ಬಿಡುವಾಗ ಸ್ವಿಚ್ ಆರಿಸುವುದು ಚಪ್ಪಲಿ ಮೆಟ್ಟಿಕೊಳ್ಳುವಷ್ಟೇ ಸಹಜ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಹಿಂತಿರುಗಿ ನೋಡುತ್ತಿರಲಿಲ್ಲ. ಅವರನ್ನೊಬ್ಬರನ್ನೇ ದೂರುವಂತಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಎಲ್ಲ ಅಪ್ಪಂದಿರೂ ಹಾಗೆಯೇ ಇದ್ದರು. ನಾವು ಕತ್ತಲಲ್ಲಿ ಕೂತು, ಅಪ್ಪಾ ಎಂದು ಕೂಗಿಯೇ ಬೆಳೆದವರು. ಆ ದಿನ ಕೆಳಗೆ ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳಿತು. ರಾಯರು ಎದ್ದರು, ಲೈಟು ಆರಿಸಿದರು, ಇಳಿದು ಹೋದರು.

ನಾಗರತ್ನ ಅರ್ಧ ಸಾಲಿನಲ್ಲಿ ನಿಂತುಹೋದರು. ನನಗೂ ಕೀಲಿಮಣೆಯ ಪಕ್ಕದ ಪುಸ್ತಕ ಕಾಣಲಿಲ್ಲ. ಮೂಲೆಯಲ್ಲಿ ಮಾತ್ರ ಕಾಗದದ ಮೇಲೆ ಬೆರಳು ಸರಿಯುವ ಸದ್ದು ನಡೆದೇ ಇತ್ತು.

"ಏನು, ಎಲ್ರೂ ನಿಂತುಬಿಟ್ರಿ?" ಎಂದಳು ಶೈಲಜಾ. "ತಾತ ಲೈಟ್ ಆರಿಸಿ ಹೋದ್ರಾ? ನನಗೇನೂ ತೊಂದ್ರೆ ಇಲ್ಲಪ್ಪ. ನಾನು ಓದ್ತಾನೇ ಇದೀನಿ."

ನಾನು ನಕ್ಕೆ. ನಾಗರತ್ನ ನಗಲಿಲ್ಲ, ಎದ್ದು ಲೈಟು ಹಾಕಲೂ ಇಲ್ಲ. ಕತ್ತಲಲ್ಲೇ ನನ್ನ ಕಡೆ ತಿರುಗಿದರು.

"ನಾನೂ ಇದನ್ನೇ ಮಾಡಿದೀನಿ ಕಣ್ರೀ. ಅಚ್ಚಿನ ಕೆಲಸ ಮುಗಿಸಿದೋನು ಲೈಬ್ರರಿ ಮುಚ್ಚಿ ಹೋಗ್ತಿದಾನೆ. ನಿಮ್ಮ ಟೈಪಿನೋನು ಒಳಗೆ ಕೂತಿದಾನೆ."

ನಮಗೆ ಆಮೇಲೆ ಅರ್ಥವಾಗುವಂತೆ ಹೇಳಿದರು. ಕೆಲಸ ಮುಗಿಸಿದ ಪ್ರತಿಯೊಂದು ಎಳೆಯೂ ಲೈಬ್ರರಿಯನ್ನು ಅಚ್ಚುಕಟ್ಟಾಗಿ ಮುಚ್ಚಿ ಹೋಗುವ ಹಾಗೆ ಅವರು ಬರೆದಿದ್ದರು. ಮಿತವ್ಯಯದ ಮನೆಯಲ್ಲಿ ಬೆಳೆದವರಿಗೆ ಅದು ಒಳ್ಳೆಯ ಅಭ್ಯಾಸವಾಗಿಯೇ ಕಂಡಿತ್ತು. ಒಂದೇ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಮಾತ್ರ ಒಬ್ಬ ಮುಚ್ಚಿದಾಗ ಇನ್ನೊಬ್ಬನ ಕೈಯಲ್ಲಿದ್ದ ಅಕ್ಷರಪಟ್ಟಿಯೇ ಮಾಯವಾಗುತ್ತಿತ್ತು. ಹೀಗೆ ವಿವರಿಸುತ್ತಿರುವಾಗ ರಾಯರು ದಂಟಿನ ಸೊಪ್ಪು ಹಿಡಿದು ಮೇಲೆ ಬಂದು, ಯಾಕೆ ಎಲ್ಲರೂ ಕತ್ತಲಲ್ಲಿ ಕೂತಿದೀರಿ ಎಂದು ಕೇಳಿದರು.

ನಾಗರತ್ನ ಆ ದಿನವೇ ತಿದ್ದಿದರು. ಬಂದ ಎಳೆ ಮೊದಲು ನೋಡಬೇಕು. ಲೈಬ್ರರಿ ಶುರುವಾಗಿರದಿದ್ದರೆ ಮಾತ್ರ ಶುರು ಮಾಡಬೇಕು. ಹೋಗುವಾಗ ಇನ್ನೊಬ್ಬ ಒಳಗಿದ್ದರೆ ಮುಚ್ಚಬಾರದು. ಪ್ರೋಗ್ರಾಂ ನಿಲ್ಲುವುದು ನಿಂತುಹೋಯಿತು. ಒಂದು ವಾರ ನಾವು ಒಳ್ಳೆಯ ವೇಗದಲ್ಲಿ ಸಾಗಿದೆವು. ರಾಯರು ಯುಪಿಎಸ್ ಅನ್ನು ಕೆಳಗೆ ಟಿವಿಗೆ ಒಯ್ದರು.

ಆಮೇಲೆ ಶೈಲಜಾ ಒಂದು ಬೆಳಿಗ್ಗೆ ಓದುತ್ತ ಓದುತ್ತ ಬೆರಳು ನಿಲ್ಲಿಸಿದಳು. ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

"ಅಕ್ಕಾ, ಈ ಪುಟದಲ್ಲಿ ಬ್ರಿಟಿಷರು ಬಾಯಿ ತುಂಬಾ ಅವಲಕ್ಕಿ ಇಟ್ಕೊಂಡು ಮಾತಾಡ್ತಿದಾರೆ."

ಅರ್ಧ ಪುಟದಷ್ಟು ಚುಕ್ಕಿಗಳಿಗೆ ಅರ್ಥವೇ ಇರಲಿಲ್ಲ. ಅದರ ಹಿಂದೆಯೂ ಮುಂದೆಯೂ ಎಲ್ಲ ಸರಿಯಾಗಿತ್ತು. ಪ್ರೋಗ್ರಾಂ ನಿಂತಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು. ಪತ್ರಿಕೆಯಲ್ಲಿ ಯಂತ್ರ ಕೆಟ್ಟು ಅಚ್ಚು ತಡವಾದರೆ ಓದುಗರು ಬೈಯುತ್ತಾರೆ, ಮರುದಿನ ಮರೆಯುತ್ತಾರೆ. ಸದ್ದಿಲ್ಲದೆ ತಪ್ಪು ಅಚ್ಚಾಗಿ ಹೋದದ್ದನ್ನು ವಾಪಸು ತರಲಾಗುವುದಿಲ್ಲ. ಶೈಲಜಾ ಒಯ್ದ ಹಾಳೆಗಳಲ್ಲಿ ಇನ್ನೆಷ್ಟು ಹೀಗಿವೆಯೋ? ಕಾಲೇಜಿಗೆ ಹೊತ್ತಾಗಿ ಅವಳು ಓದದೆ ಒಯ್ದವೂ ಇದ್ದವು. ಅವಳೇ ಎಲ್ಲ ಕಟ್ಟುಗಳನ್ನೂ ಹಾಸ್ಟೆಲ್ಲಿನಿಂದ ಆಟೋದಲ್ಲಿ ಹಾಕಿಸಿಕೊಂಡು ಬಂದಳು. ಆಯಾ ದಿನದ ಹಾಳೆಗಳನ್ನು ಬೇರೆ ಬೇರೆಯಾಗಿ ದಾರದಲ್ಲಿ ಕಟ್ಟಿಡುವ ಅಭ್ಯಾಸ ಅವಳದು. ನಾಲ್ಕು ಬೆಳಗು ಕೂತು ಒಂದೊಂದನ್ನೇ ಓದಿದಳು. ಕೆಟ್ಟ ಪುಟಗಳು ಹೆಚ್ಚಿರಲಿಲ್ಲ. ಇದ್ದವೆಲ್ಲ ಒಂದೇ ಜಾಗದಲ್ಲಿದ್ದವು: ಕಟ್ಟಿನ ಮೇಲ್ಗಡೆ. ಅಂದರೆ ಬೆಳಿಗ್ಗೆ ಪ್ರೋಗ್ರಾಂ ತೆರೆದ ಕೂಡಲೇ ಅಚ್ಚಾದವು.

ಭಾನುವಾರ ಇಷ್ಟು ಹೇಳಿದ್ದೇ ತಡ, ನಾಗರತ್ನ ತಲೆ ಮೇಲೆ ಕೈ ಇಟ್ಟುಕೊಂಡರು.

"ಇಬ್ರೂ ಒಟ್ಟಿಗೆ ಬಾಗಿಲಿಗೆ ಬಂದಿದಾರೆ. ಇಬ್ರಿಗೂ ಕತ್ತಲೇ ಕಂಡಿದೆ. ಇಬ್ರೂ ಸ್ವಿಚ್ ಒತ್ತಿದಾರೆ."

ಒಂದು ಎಳೆ ಲೈಬ್ರರಿಯನ್ನು ಶುರು ಮಾಡಿ ಪಟ್ಟಿಗಳನ್ನು ಇನ್ನೂ ಹರಡುತ್ತಿರುವಾಗ, ಅದೇ ಗಳಿಗೆಯಲ್ಲಿ ಬಂದ ಇನ್ನೊಂದು ಎಳೆಯೂ ಅದು ಶುರುವಾಗಿಲ್ಲವೆಂದುಕೊಂಡು ಮತ್ತೆ ಶುರು ಮಾಡಿ, ಮೊದಲಿನವನು ಹರಡಿದ್ದನ್ನು ಕಲಸಿಬಿಡುತ್ತಿತ್ತು. ನನಗಿಂತ ಮೊದಲು ಇದು ರಾಯರಿಗೆ ಹೊಳೆಯಿತು. ನಮ್ಮ ಮೆಟ್ಟಿಲ ಲೈಟೂ ಹೀಗೇನೇ, ಕೆಳಗೊಂದು ಮೇಲೊಂದು ಸ್ವಿಚ್ಚು, ನಾನು ಮೇಲಿಂದ ಒತ್ತೋ ಹೊತ್ತಿಗೆ ಇವಳು ಕೆಳಗಿಂದ ಒತ್ತಿರ್ತಾಳೆ, ಮತ್ತೆ ಕತ್ತಲು ಎಂದರು.

"ಅದಕ್ಕೆ ಪ್ರೋಗ್ರಾಂ ಯಾಕೆ ಬೇಕು?" ಎಂದರು ಖಾಲಿ ಲೋಟ ಎತ್ತಿಕೊಳ್ಳಲು ಬಂದಿದ್ದ ಕಮಲಮ್ಮ. "ನೀವು ಸುಮ್ನೆ ಕೂತಿದ್ರೆ ಸಾಕು. ಸ್ವಿಚ್ಚು ನಾನೊಬ್ಳೇ ನೋಡ್ಕೋತೀನಿ."

ನಾಗರತ್ನ ಅವರ ಕಡೆ ನೋಡಿ, ಸರಿಯಾಗಿ ಹಾಗೇ ಮಾಡಬೇಕು ಎಂದರು. ಇನ್ನು ಮುಂದೆ ಯಾವ ಎಳೆಗೂ ಶುರು ಮಾಡುವ, ಮುಚ್ಚುವ ಅಧಿಕಾರವಿಲ್ಲ. ಪ್ರೋಗ್ರಾಂ ಏಳುತ್ತಲೇ, ಉಳಿದ ಎಳೆಗಳು ಹುಟ್ಟುವ ಮುಂಚೆಯೇ, ಮುಖ್ಯ ಪ್ರೋಗ್ರಾಂ ಒಂದೇ ಒಂದು ಸಲ ಲೈಬ್ರರಿಯನ್ನು ಶುರು ಮಾಡಿ, ಅದು ಪೂರ್ತಿ ಸಿದ್ಧವಾಗುವ ತನಕ ಕಾಯುವುದು. ಸಂಜೆ ಎಲ್ಲ ಎಳೆಗಳೂ ಕೆಲಸ ಮುಗಿಸಿ ಹೊರಬಿದ್ದವೆಂದು ಖಾತ್ರಿಯಾದ ಮೇಲೆ ಒಂದೇ ಸಲ ಮುಚ್ಚುವುದು. ನಡುವೆ ಬಂದು ಹೋಗುವವರು ಬರಲಿ, ತಮ್ಮ ಕೆಲಸ ಮಾಡಲಿ, ಹೋಗಲಿ.

ರಾಯರಿಗೆ ಇದು ಪೂರ್ತಿ ಸಮಾಧಾನ ಕೊಡಲಿಲ್ಲ.

"ಮಧ್ಯೆ ಯಾರೂ ಕೆಲಸ ಮಾಡ್ದೇ ಇದ್ರೂ ಅದು ಉರೀತಾನೇ ಇರಬೇಕಾ?"

"ಇರಬೇಕು ಸಾರ್."

"ಬಿಲ್ಲು?"

"ಇದಕ್ಕೆ ಬರಲ್ಲ ಸಾರ್."

ರಾಯರು ಮತ್ತೆ ಪುಸ್ತಕ ತೆರೆದರು. "ಹಾಗಾದ್ರೆ ಉರೀಲಿ" ಎಂದರು.

ಮುಂದಿನ ರಜಾದಿನ ಬೆಳಿಗ್ಗೆ ಹೊಸ ಪ್ರೋಗ್ರಾಂ ಬಂತು. ನಾಗರತ್ನ ಪ್ರೋಗ್ರಾಂ ತೆರೆದು, ಅದು ಏಳುತ್ತಿದ್ದ ಹಾಗೆಯೇ ಬೇಕೆಂದೇ ಎರಡು ಕೆಲಸಗಳನ್ನೂ ಒಟ್ಟಿಗೆ ಹಚ್ಚಿದರು. ಯಂತ್ರ ಗದ್ದಲ ಎಬ್ಬಿಸಿತು. ರಾಯರು ಅದರ ಮೇಲೆ ದನಿ ಎತ್ತಿ ಸ್ವಾತಂತ್ರ್ಯ ಚಳವಳಿಯ ಅಧ್ಯಾಯ ಓದಿದರು, ನಾನು ಟೈಪ್ ಮಾಡಿದೆ. ಮೊದಲ ಹಾಳೆ ಹೊರಬಂದಾಗ ಶೈಲಜಾ ಅದನ್ನು ಕೆಳಗೆ ಬೀಳುವ ಮುಂಚೆಯೇ ಎಳೆದುಕೊಂಡಳು. ಎರಡನೆಯದನ್ನೂ ಎಳೆದುಕೊಂಡಳು. ಕೆಲಸದ ನಡುವೆಯೇ ನಾವು ಮೂವರೂ ಅವಳ ಬೆರಳನ್ನು ನೋಡುತ್ತಿದ್ದೆವು. ಅದು ಎಲ್ಲೂ ನಿಲ್ಲಲಿಲ್ಲ. ಅಧ್ಯಾಯ ಮುಗಿದು ಗದ್ದಲ ನಿಂತಾಗ ನಾನು ಕೈ ನಿಲ್ಲಿಸದೆ ಟೈಪ್ ಮಾಡುತ್ತಿದ್ದೆ. ಪರದೆಯ ಮೇಲೆ ಅಕ್ಷರ ಒಂದರ ಹಿಂದೆ ಒಂದು ಬಂದು ಕೂರುತ್ತಲೇ ಇತ್ತು. ನಾಗರತ್ನ ಕೆಳಗೆ ಹೋಗಿ, ಕಮಲಮ್ಮನವರ ಪಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಎರಡು ಲೋಟ ಕಾಫಿ ಕುಡಿದರಂತೆ.

ಅದಾದ ಮೇಲಿನ ವಾರಗಳು ನನಗೆ ಒಂದೇ ಬಣ್ಣದ ಬಟ್ಟೆಯ ಹಾಗೆ ನೆನಪಿವೆ. ಬಿಸಿಲು ಏರುತ್ತಿತ್ತು. ರಸ್ತೆಯ ಹೊಂಗೆ ಮರಗಳು ಎಲೆ ಉದುರಿಸಿ ಎಳೆ ಹಸಿರು ಹೊದ್ದವು. ಬೆಳಿಗ್ಗೆ ಹೋಗುವುದು, ಟೈಪ್ ಮಾಡುವುದು, ಹಾಳೆ ಜೋಡಿಸುವುದು, ಮಧ್ಯಾಹ್ನ ಕಚೇರಿಗೆ ಓಡುವುದು. ಏನೂ ಕೆಡಲಿಲ್ಲ. ಸುದ್ದಿಮನೆಯಲ್ಲಿ ಏನೂ ಕೆಡದ ದಿನಕ್ಕೆ ನಾವು ಸಾಲೊಂದನ್ನೂ ಕೊಡುವುದಿಲ್ಲ. ಆದರೆ ಬದುಕಿನಲ್ಲಿ ಅಂಥ ದಿನಗಳ ಸಾಲಿಗಾಗಿಯೇ ಎಷ್ಟೊಂದು ದುಡಿಯುತ್ತೇವೆಂದು ಆಗ ಮೊದಲ ಸಲ ಅನ್ನಿಸಿತು. ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಪುಸ್ತಕ ಮುಗಿದು, ಹಲವು ಸಂಪುಟಗಳಾಗಿ ರಟ್ಟು ಹೊದ್ದು ಹಾಸ್ಟೆಲ್ಲಿಗೆ ಹೋಯಿತು. ಕೆಟ್ಟ ಪುಟ ಹುಡುಕುವ ನೆಪದಲ್ಲಿ ಶೈಲಜಾ ಮುಕ್ಕಾಲು ಪುಸ್ತಕವನ್ನು ಎರಡೆರಡು ಸಲ ಓದಿ ಆಗಿತ್ತು. ನಿಮ್ಮ ಪ್ರೋಗ್ರಾಂ ಪೂರ್ತಿ ಸರಿಯಿದ್ದಿದ್ದರೆ ನಾನು ಇಷ್ಟು ಓದುತ್ತಲೇ ಇರಲಿಲ್ಲ ಮೇಡಂ ಎಂದು ನಾಗರತ್ನ ಅವರನ್ನು ರೇಗಿಸಿದಳು. ನಾಗರತ್ನ ನಕ್ಕರು, ಆದರೆ ಆ ಮಾತನ್ನು ಅವರು ಪೂರ್ತಿ ತಮಾಷೆಯಾಗಿ ತೆಗೆದುಕೊಂಡಂತೆ ಕಾಣಲಿಲ್ಲ.

ಫಲಿತಾಂಶ ಬಂದಾಗ ಪಟ್ಟಿಯಲ್ಲಿ ಅವಳ ಸಂಖ್ಯೆಯನ್ನು ಕಚೇರಿಯಲ್ಲೇ ನೋಡಿ ಹಾಸ್ಟೆಲ್ಲಿಗೆ ಫೋನ್ ಮಾಡಿದವಳು ನಾನೇ. ಅವಳು ಬಿ.ಎ.ಗೆ ಸೇರಿದಳು, ಸೀಟು ಉಳಿಯಿತು. ಆದರೆ ಪುಸ್ತಕ ನಿಜವಾಗಿ ಅವಳದಾಯಿತು ಎಂದು ನನಗೆ ಗೊತ್ತಾದದ್ದು ಅದಕ್ಕೂ ಮುಂಚೆ, ಇತಿಹಾಸದ ಪರೀಕ್ಷೆ ಬರೆದ ಮರುದಿನ. ಅವಳು ಮಹಡಿಗೆ ಬಂದು ಕೂತಿದ್ದಳು. ಉತ್ತರಗಳನ್ನು ಇವಳು ಬಾಯಲ್ಲಿ ಹೇಳಬೇಕು, ಕೆಳಗಿನ ತರಗತಿಯ ಹುಡುಗಿಯೊಬ್ಬಳು ಬರೆಯಬೇಕು. ಇವಳ ವೇಗಕ್ಕೆ ಆ ಹುಡುಗಿ ಕೈ ನೋಯುತ್ತದೆ ನಿಧಾನ ಹೇಳಿ ಎಂದು ಬೇಡಿಕೊಂಡಳಂತೆ. ಎಲ್ಲ ಬಂತಾ ಎಂದು ರಾಯರು ಕೇಳಿದರು.

"ಒಂದು ಕಡೆ ಮಾತ್ರ ನಿಂತೆ ತಾತ. ಒಂದು ಒಪ್ಪಂದದ ಎರಡನೇ ಷರತ್ತು ಏನು ಅಂತ. ನನಗೇ ಗೊತ್ತಿಲ್ದೆ ಎಡಗೈ ಡೆಸ್ಕಿನ ಮೇಲೆ ಓಡಾಡ್ತಿತ್ತಂತೆ. ಮೇಲ್ವಿಚಾರಕರು ಬಂದು, ಏನಮ್ಮಾ ಹುಡುಕ್ತಿದೀಯ, ಏನಾದ್ರೂ ಬಿತ್ತಾ ಅಂದ್ರು."

"ನೀನೇನಂದೆ?"

"ಪುಟದ ಕೆಳಗಿಂದ ಮೂರನೇ ಸಾಲು ಸಾರ್ ಅಂದೆ. ಅವರು ಡೆಸ್ಕು ಸವರಿ ನೋಡಿದ್ರು. ಅವರ ಕೈಗೆ ಮರ ಸಿಕ್ತು," ಎಂದಳು ಶೈಲಜಾ. "ನನಗೆ ಸಾಲು ಸಿಕ್ತು."